ತೊಳೆಯದ ಕಲಾಯಿ

"ಮತ್ತೆ ಬಿತ್ತು," ಎಂದರು ಫಾತಿಮುನ್ನೀಸಾ ಮೇಡಂ.

ಪರದೆಯ ಮೇಲೆ ಸಾಲುಸಾಲಾಗಿ ಓಡುತ್ತಿದ್ದ ಬಿಳಿ ಅಕ್ಷರಗಳು ತಟ್ಟನೆ ನಿಂತವು. ಕೊನೆಯಲ್ಲಿ ಇಂಗ್ಲಿಷಿನಲ್ಲಿ ಒಂದೇ ಸಾಲು: ಕಂಪೈಲರ್ ಸತ್ತಿದೆ, ಕಾರಣ ಸಿಗ್ನಲ್ ಹನ್ನೊಂದು. ನಾನು ಪೊಲೀಸ್ ಇಲಾಖೆಯಲ್ಲಿ ತಲೆ ನರೆಸಿಕೊಂಡವನು. ಸತ್ತವನೇ ತನ್ನ ಸಾವಿಗೆ ಕಾರಣ ಬರೆದಿಟ್ಟು ಹೋಗಿದ್ದರೆ ಮೊದಲು ಆ ಬರಹವನ್ನೇ ಅನುಮಾನಿಸುವುದು ನನ್ನ ಅಭ್ಯಾಸ.

"ಈ ಸಲ ಎಲ್ಲಿ ಬಿತ್ತು ಮೇಡಂ?"

"ಮೊದಲ್ನೇ ಸಲ ಬಿದ್ದ ಕಡೆ ಅಲ್ಲ. ಎರಡ್ನೇ ಸಲ ಬಿದ್ದ ಕಡೇನೂ ಅಲ್ಲ. ಸಾದಿಯಾ ಬರೆದ ಪ್ರೋಗ್ರಾಮ್‌ನಲ್ಲಿ ತಪ್ಪಿದ್ದಿದ್ರೆ ಪ್ರತಿ ಸಲಾನೂ ಅದೇ ಸಾಲಲ್ಲಿ ಎಡವಬೇಕಿತ್ತು. ಇದು ಒಂದೊಂದ್ಸಲ ಒಂದೊಂದು ಕಡೆ ಎಡವ್ತಿದೆ. ತಪ್ಪು ದಾರೀದಲ್ಲ ಚನ್ನವೀರಯ್ಯನೋರೇ, ಕಾಲಿನದು."

ಅವರು ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ದೊಡ್ಡ ಕಂಪ್ಯೂಟರುಗಳನ್ನು ರಿಪೇರಿ ಮಾಡುತ್ತಿದ್ದು, ವಿ.ಆರ್.ಎಸ್. ತೆಗೆದುಕೊಂಡು ಕ್ಯಾತ್ಸಂದ್ರಕ್ಕೆ ಬಂದು ನೆಲೆಸಿದವರು. ನಾನು ನಿವೃತ್ತ ಎ.ಎಸ್.ಐ. ಅವರು ಯಂತ್ರವನ್ನು ನೋಡುತ್ತಾರೆ. ನಾನು ಯಂತ್ರದ ಸುತ್ತ ನಿಂತವರ ಮುಖ ನೋಡುತ್ತೇನೆ. ಹೀಗೆ ನಮ್ಮ ಪಾಲುದಾರಿಕೆ.

ಅವತ್ತು ಶೆಟ್ಟಿಹಳ್ಳಿಯ ನಾಗವಲ್ಲಿ ಸಿಸ್ಟಮ್ಸ್ ಕಚೇರಿಯ ಮಹಡಿಯಲ್ಲಿ ನಿಂತಿದ್ದವರು ಇಬ್ಬರೇ. ಒಬ್ಬರು ಮಾಲೀಕ ಲಕ್ಷ್ಮೀನರಸಿಂಹಯ್ಯ. ಇನ್ನೊಬ್ಬ ತಿಮ್ಮೇಶ್, ಸಾದಿಯಾ ಬರೆದುಕೊಟ್ಟ ಪ್ರೋಗ್ರಾಮನ್ನು ಚಿಪ್ಪಿಗೆ ತುಂಬಿ ಲಿಫ್ಟಿನವರಿಗೆ ಕಳಿಸುತ್ತಿದ್ದ ಹುಡುಗ. ಉಗುರು ಕಚ್ಚಿ ಕಚ್ಚಿ ಅವನ ಬೆರಳ ತುದಿ ಕೆಂಪಾಗಿತ್ತು.

ಹೊರಗೆ ಕಾರ್ತಿಕದ ಮೋಡ. ವಾರದಿಂದ ಬಿಸಿಲಿನ ಮುಖ ಕಂಡಿರಲಿಲ್ಲ. ಗೋಡೆಗಳು ಬೆವರುತ್ತಿದ್ದವು, ಒಣಹಾಕಿದ ಪಂಚೆ ಕೂಡ ಮುಗ್ಗಲು ನಾರುತ್ತಿತ್ತು. ಅಂಥ ಹವೆಯಲ್ಲಿ ನನ್ನ ಮಂಡಿ ನೋಯುತ್ತದೆ, ಮನಸ್ಸೂ ಕೆಡುತ್ತದೆ.

ಮನಸ್ಸು ಕೆಡಲು ಬೇರೆ ಕಾರಣವೂ ಇತ್ತು. ಮೂರು ತಿಂಗಳ ಹಿಂದೆ ಕುಣಿಗಲ್ಲಿನ ಒಂದು ನರ್ಸಿಂಗ್ ಹೋಮಿನಲ್ಲಿ ಬಾಗಿಲು ತೆರೆದಿರುವಾಗಲೇ ಲಿಫ್ಟ್ ಮೇಲಕ್ಕೆ ಚಲಿಸಿ, ಸ್ಟ್ರೆಚರ್ ತಳ್ಳುತ್ತಿದ್ದ ಬೀರಯ್ಯ ಎಂಬಾತ ನಡುವೆ ಸಿಕ್ಕಿ ಸತ್ತಿದ್ದ. ಲಿಫ್ಟನ್ನು ನಡೆಸುವ ಪ್ರೋಗ್ರಾಮ್ ಬರೆದವಳು ಸಾದಿಯಾ. ಅವಳು ಬೇಕೆಂದೇ ಕೆಡಿಸಿದಳು ಎಂದು ಮಾಲೀಕರು ದೂರು ಕೊಟ್ಟಿದ್ದರು. ಹುಡುಗಿ ಹತ್ತು ದಿನದಿಂದ ಜೈಲಿನಲ್ಲಿದ್ದಳು. ಮಧ್ಯಾಹ್ನ ಅವಳ ಜಾಮೀನಿನ ವಿಚಾರಣೆ. ಅಷ್ಟರೊಳಗೆ ನಮ್ಮ ಕೈಗೆ ಏನಾದರೂ ಸಿಕ್ಕರೆ ಅವಳು ಮನೆಗೆ, ಇಲ್ಲದಿದ್ದರೆ ಮತ್ತೆ ಒಳಕ್ಕೆ.

"ನಾನು ಮೊದ್ಲಿಂದ ಹೇಳ್ತಾನೇ ಇದೀನಿ ಸರ್," ಎಂದರು ಲಕ್ಷ್ಮೀನರಸಿಂಹಯ್ಯ. "ಆ ಹುಡುಗಿ ಕೂತಾಗ ಮಾತ್ರ ಇದು ಕ್ರ್ಯಾಶ್ ಆಗೋದು. ಕೆಲಸ ಬಿಡ್ತೀನಿ ಅಂತ ಜಗಳ ಆಡಿದ್ಲು. ಆ ಸಿಟ್ಟು ಮಿಷನ್ ಮೇಲೆ ತೀರಿಸ್ಕೊಂಡಿದಾಳೆ."

"ಈಗ ಆ ಹುಡುಗಿ ಕೂತಿರೋದು ಜೈಲಲ್ಲಿ," ಎಂದೆ. "ಇಲ್ಲಿ ಕೂತಿರೋರು ಮೇಡಂ. ಇವರಿಗೆ ನಿಮ್ಮ ಮೇಲೆ ಯಾವ ಸಿಟ್ಟೂ ಇಲ್ಲ."

ಮೇಡಂ ಪರದೆಯಿಂದ ಕಣ್ಣು ತೆಗೆಯದೆಯೇ ಕೇಳಿದರು: "ಸಾದಿಯಾ ಯಾವ ಹೊತ್ತಲ್ಲಿ ಕೂರ್ತಿದ್ಲು?"

"ಬೆಳಿಗ್ಗೆ. ಎಲ್ರಿಗಿಂತ ಮುಂಚೆ ಬರೋಳು. ಮಧ್ಯಾಹ್ನದ ಮೇಲೆ ತಿಮ್ಮೇಶ್ ಕೂರ್ತಿದ್ದ."

"ತಿಮ್ಮೇಶ್, ನೀವು ಕೂತಾಗ ಆಗಿದೆಯಾ?"

"ಆಗಿದೆ ಮೇಡಂ. ಅಪರೂಪಕ್ಕೆ. ಮಳೆ ಹಿಡ್ಕೊಂಡ ದಿನ."

"ಲಿಫ್ಟ್ ಆಕ್ಸಿಡೆಂಟ್ ಆಗೋಕ್ ಮುಂಚೇನೋ, ಆಮೇಲೋ?"

ಅವನು ಮತ್ತೆ ಉಗುರು ಬಾಯಿಗಿಟ್ಟ. "ಮುಂಚೇನೂ ಆಗಿತ್ತು ಅನ್ಸುತ್ತೆ."

ಈ 'ಅನ್ಸುತ್ತೆ' ಎಂಬ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಠಾಣೆಯಲ್ಲಿ ಎಷ್ಟೋ ಕೇಸುಗಳು ಈ ಒಂದು ಮಾತಿನಿಂದ ಹಳ್ಳ ಹಿಡಿದಿದ್ದನ್ನು ನೋಡಿದ್ದೇನೆ. ಆದರೆ ಮೇಡಂ ತಲೆ ಆಡಿಸಿದರು, ಅವರಿಗೆ ಬೇಕಾದ ಉತ್ತರ ಸಿಕ್ಕಿದಂತಿತ್ತು.

"ಮುಚ್ಚಳ ತೆಗೀರಿ," ಎಂದರು.

ಅದು ಹತ್ತು ವರ್ಷ ಹಳೆಯ ವರ್ಕ್‌ಸ್ಟೇಷನ್. ಬೆಂಗಳೂರಿನ ಕಂಪನಿಯೊಂದು ಹರಾಜಿಗೆ ಹಾಕಿದ್ದನ್ನು ಮಾಲೀಕರು ಎತ್ತಿಕೊಂಡು ಬಂದಿದ್ದರು. ತಿಮ್ಮೇಶ್ ತಿರುಪು ಬಿಚ್ಚಿ ತಗಡಿನ ಮುಚ್ಚಳವನ್ನು ಪಕ್ಕಕ್ಕಿಟ್ಟ. ಒಳಗೆ ಹಸಿರು ಹಲಗೆ, ಅದರ ಮೇಲೆ ಸಾಲಾಗಿ ನೆಟ್ಟ ನಾಲ್ಕು ಪಟ್ಟಿಗಳು.

"ಇವು ರ‍್ಯಾಮ್. ಕೆಲಸ ಮಾಡೋವಾಗ ಯಂತ್ರ ಎಲ್ಲಾನೂ ನೆನಪಿಟ್ಕೊಳ್ಳೋದು ಇದರ ಮೇಲೆ," ಎಂದು ನನಗೆ ಹೇಳಿ, ಮೇಜಿನ ದೀಪವನ್ನು ಎಳೆದು ಪಟ್ಟಿಗಳ ಮೇಲೆ ಬಗ್ಗಿಸಿದರು. ಬಲ್ಬಿನ ಕಾವು ತಾಕುವ ಹಾಗೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕಂಪೈಲರನ್ನು ಓಡಿಸಿದರು.

ಈ ಸಲ ಬೀಳಲಿಲ್ಲ. ಮತ್ತೊಮ್ಮೆ ಓಡಿಸಿದರು. ಆಗಲೂ ಬೀಳಲಿಲ್ಲ. ಸಾಲುಗಳು ಕೊನೆಯವರೆಗೂ ಸಲೀಸಾಗಿ ಹರಿದವು.

"ಸರಿ ಹೋಯ್ತಾ?" ಎಂದರು ಮಾಲೀಕರು ಖುಷಿಯಿಂದ.

"ಟೀ ತರಿಸ್ತೀರಾ? ಚೆನ್ನಾಗಿ ಕುದಿಸಿದ್ದು."

ತಿಮ್ಮೇಶನೇ ಹೋಗಿ ತಂದ. ನನಗೆ ಒಳಗೊಳಗೇ ಸಮಾಧಾನವಾಯಿತು, ಬೆಳಗಿನಿಂದ ಹೊಟ್ಟೆಗೇನೂ ಬಿದ್ದಿರಲಿಲ್ಲ. ಆದರೆ ಮೇಡಂ ಟೀ ಕುಡಿಯಲಿಲ್ಲ. ದೀಪವನ್ನು ಆರಿಸಿ, ಹಬೆಯಾಡುವ ಲೋಟವನ್ನು ಯಂತ್ರದ ಒಳಗೆ, ಆ ಪಟ್ಟಿಗಳ ಬುಡದಲ್ಲಿ ಹಿಡಿದುಕೊಂಡು ನಿಂತರು. ಇನ್ನೊಂದು ಕೈಯಲ್ಲಿ ಕಂಪೈಲರನ್ನು ಓಡಿಸಿದರು.

ಹತ್ತು ಸಾಲು ಹೋಗುವಷ್ಟರಲ್ಲಿ ಬಿತ್ತು. ಸಿಗ್ನಲ್ ಹನ್ನೊಂದು.

"ಬೆಳಿಗ್ಗೆ ತೇವ, ಬೀಳುತ್ತೆ. ಮಧ್ಯಾಹ್ನಕ್ಕೆ ಮಿಷನ್ ತಾನೇ ಬಿಸಿಯಾಗಿ ಒಣಗುತ್ತೆ, ಬೀಳಲ್ಲ," ಎಂದರು ಮೇಡಂ. "ಸಾದಿಯಾಳ ಕೈಗುಣ ಅಲ್ಲ ಇದು. ಅವಳು ಬೇಗ ಕೆಲಸಕ್ಕೆ ಬರೋಳು, ಅಷ್ಟೇ ಅವಳ ತಪ್ಪು."

ಲಕ್ಷ್ಮೀನರಸಿಂಹಯ್ಯನವರ ಮುಖ ಕಪ್ಪಿಟ್ಟಿತು. ಆ ಮುಖವನ್ನು ನೋಡಿ ನನಗೆ ಸಂತೋಷವಾಯಿತು ಎಂದು ಹೇಳಿಕೊಳ್ಳಲು ನಾಚಿಕೆಯಿಲ್ಲ.

ಮೇಡಂ ಯಂತ್ರವನ್ನು ಆರಿಸಿ, ಪಟ್ಟಿಗಳನ್ನು ಒಂದೊಂದಾಗಿ ಕಿತ್ತು ಕಿಟಕಿಯ ಬೆಳಕಿಗೆ ಹಿಡಿದರು. ಪ್ರತಿ ಪಟ್ಟಿಯ ಅಂಚಿನಲ್ಲೂ ಬಾಚಣಿಗೆಯ ಹಾಗೆ ಲೋಹದ ಸಣ್ಣ ಹಲ್ಲುಗಳು. ಎರಡು ಪಟ್ಟಿಗಳಲ್ಲಿ ಹಲ್ಲುಗಳು ಚಿನ್ನದ ಬಣ್ಣಕ್ಕಿದ್ದವು. ಇನ್ನೆರಡರಲ್ಲಿ ಬೆಳ್ಳಗಿದ್ದವು, ಸಂದುಗಳಲ್ಲಿ ಹಸಿರು ಕಿಲುಬು ಕೂತಿತ್ತು.

ಆಮೇಲೆ ಅವರು ಮಾಡಿದ ಕೆಲಸ ನೋಡಿ ನನಗೆ ಹೇಸಿಗೆಯಾಯಿತು. ಕಿಲುಬನ್ನು ಉಗುರಿನಿಂದ ಕೆರೆದು ನಾಲಿಗೆಯ ತುದಿಗೆ ಇಟ್ಟುಕೊಂಡರು.

"ಥೂ, ಏನ್ ಮೇಡಂ ಇದು!"

ಅವರು ಕಿಟಕಿಯಾಚೆ ಉಗುಳಿ, ಬಾಯಿ ಮುಕ್ಕಳಿಸಿ ಬಂದರು. "ನವಸಾಗರ. ತಣ್ಣಗೆ, ಉಪ್ಪುಪ್ಪು, ಆಮೇಲೆ ಕಹಿ. ನಮ್ಮ ಮನೇಲಿ ಮದುವೆ ಅಡಿಗೆಯ ದೊಡ್ಡ ದೇಗ್‌ಗಳಿಗೆ ಕಲಾಯಿ ಹಾಕಿಸೋವಾಗ ಚಿಕ್ಕೋರು ನಾವು ಇದನ್ನ ಕದ್ದು ನೆಕ್ಕಿ ಬೈಸ್ಕೊಳ್ತಿದ್ವಿ."

"ಕಲಾಯಿನಾ? ಪಾತ್ರೆಗೆ ಹಾಕೋ ಕಲಾಯಿ?"

"ಅದೇ. ಈ ಹಲ್ಲುಗಳ ಚಿನ್ನ ಸವೆದಿದೆ. ಯಾರೋ ತವರ ಬಳಿದಿದಾರೆ. ತವರ ಹಿಡೀಲಿ ಅಂತ ನವಸಾಗರ ಉದುರಿಸಿದಾರೆ. ಕಂಪ್ಯೂಟರಿಗೆ ಕಲಾಯಿ ಹಾಕಿದಾರೆ ಚನ್ನವೀರಯ್ಯನೋರೇ!"

ನಗು ಬರಬೇಕಿತ್ತು. ಯಾರಿಗೂ ಬರಲಿಲ್ಲ. ಮೇಡಂ ಬಿಡಿಸಿ ಹೇಳಿದರು. ಪಾತ್ರೆಗಾದರೆ ಕಲಾಯಿ ಹಾಕಿದ ಕೂಡಲೇ ತಿಕ್ಕಿ ತೊಳೆಯುತ್ತಾರೆ. ತೊಳೆಯದೆ ಬಿಟ್ಟ ನವಸಾಗರ ಗಾಳಿಯಲ್ಲಿನ ತೇವವನ್ನು ಹೀರಿಕೊಂಡು ತಾಮ್ರವನ್ನು ತಿನ್ನುತ್ತದೆ. ತೇವ ಹೆಚ್ಚಾದ ಹೊತ್ತಿನಲ್ಲಿ ಒಂದು ಹಲ್ಲಿನ ವಿದ್ಯುತ್ತು ಪಕ್ಕದ ಹಲ್ಲಿಗೆ ಸೋರುತ್ತದೆ. ಆಗ ಯಂತ್ರದ ನೆನಪು ತಪ್ಪುತ್ತದೆ, ಸೊನ್ನೆ ಇದ್ದಲ್ಲಿ ಒಂದು ಓದುತ್ತದೆ; ಸಿಗ್ನಲ್ ಹನ್ನೊಂದು ಎಂಬುದು ಅದರ ಗುರುತು.

"ನೆನಪು ತಪ್ಪಿದ್ರೆ ಕ್ರ್ಯಾಶ್ ಆಗುತ್ತೆ, ಮತ್ತೆ ಓಡಿಸ್ತೀವಿ. ಅದರಿಂದ ಯಾರಿಗೇನು ತೊಂದ್ರೆ?" ಎಂದರು ಮಾಲೀಕರು.

"ಕ್ರ್ಯಾಶ್ ಆದ್ರೆ ಅದೃಷ್ಟ. ತಪ್ಪಾಗಿದೆ ಅಂತ ಗೊತ್ತಾದ್ರೂ ಆಗುತ್ತೆ," ಎಂದರು ಮೇಡಂ. "ನೆನಪು ತಪ್ಪಿಯೂ ಕ್ರ್ಯಾಶ್ ಆಗದೆ ಹೋದ ದಿನ ಏನಾಗುತ್ತೆ ಯೋಚನೆ ಮಾಡಿ."

ನನಗೆ ಥಟ್ಟನೆ ಹೊಳೆಯಿತು. ಕಂಪೈಲರ್ ಎಂದರೆ ನಮ್ಮ ಬರಹವನ್ನು ಯಂತ್ರದ ಭಾಷೆಗೆ ತಿರುಗಿಸುವ ದುಭಾಷಿ ಎಂದು ಮೇಡಂ ಹಿಂದೆ ನನಗೆ ತಿಳಿಸಿದ್ದರು. ಕುಡಿದು ಬಂದ ದುಭಾಷಿ ಕೋರ್ಟಿನಲ್ಲಿ ಕುಸಿದು ಬಿದ್ದರೆ ಎಲ್ಲರಿಗೂ ಕಾಣುತ್ತದೆ. ಬೀಳದೆ ನಿಂತುಕೊಂಡೇ 'ಇಲ್ಲ' ಎಂದಿದ್ದನ್ನು 'ಹೌದು' ಎಂದು ಹೇಳಿಬಿಟ್ಟರೆ ಜಡ್ಜಿಗೂ ಗೊತ್ತಾಗುವುದಿಲ್ಲ.

ಹಿಂದಿನ ದಿನವಷ್ಟೇ ಮೇಡಂ ಸಾದಿಯಾಳ ಪ್ರೋಗ್ರಾಮನ್ನು ತಮ್ಮ ಮನೆಯ ಕಂಪ್ಯೂಟರಿನಲ್ಲಿ ತಯಾರಿಸಿ, ಕುಣಿಗಲ್ ಲಿಫ್ಟಿನಿಂದ ಬಿಚ್ಚಿ ತಂದ ಚಿಪ್ಪಿನೊಡನೆ ಹೋಲಿಸಿದ್ದರು. ಎಲ್ಲವೂ ಒಂದೇ, ಒಂದು ಬಿಟ್, ಅಂದರೆ ಒಂದೇ ಒಂದು ಅಂಕಿ, ಹೊರತು. ಸೊನ್ನೆ ಇರಬೇಕಾದಲ್ಲಿ ಒಂದು. ಬಾಗಿಲು ತೆರೆದಿದ್ದರೆ ಕದಲಬೇಡ ಎಂಬ ಆಜ್ಞೆ, ತೆರೆದಿದ್ದರೆ ಕದಲು ಎಂದಾಗಿತ್ತು. ಬೀರಯ್ಯ ಸತ್ತಿದ್ದು ಆ ಒಂದು ಬಿಟ್ಟಿಗೆ.

"ಈ ಮಿಷನ್ ರಿಪೇರಿ ಮಾಡೋರು ಯಾರು?" ಎಂದೆ.

ತಿಮ್ಮೇಶ್ ತಡಮಾಡಲಿಲ್ಲ. "ಗುಬ್ಬಿ ಝುಬೇರ್ ಅಂತ ಸರ್. ಅವರ ಮನೇಲಿ ಕಲಾಯಿ ಕೆಲಸಾನೇ. ಅವನೇ ಮಾಡಿರ್ಬೇಕು."

* * *

ಸಾದಿಯಾಳ ವಕೀಲ, ನಮ್ಮನ್ನು ಈ ಕೆಲಸಕ್ಕೆ ಹಚ್ಚಿದ ಅಜ್ಮತುಲ್ಲಾ ಸಾಹೇಬರು ಮೇಡಂ ಬರೆದುಕೊಟ್ಟ ಹೇಳಿಕೆಯನ್ನೂ ಒಂದು ಬಿಳಿ ಹಲ್ಲಿನ ಪಟ್ಟಿಯನ್ನೂ ಕೋರ್ಟಿನ ಮುಂದಿಟ್ಟರು. ಮೇಡಂ ಕಟಕಟೆಗೆ ಹೋಗಿ ಪ್ರಮಾಣ ಮಾಡಿ ಹೇಳಿದರು: ತಪ್ಪು ಯಂತ್ರದ್ದು, ಹುಡುಗಿಯದಲ್ಲ. ಅವರ ದನಿಯಲ್ಲಿ ಒಂದಿಷ್ಟೂ ಅಳುಕಿರಲಿಲ್ಲ.

ಜಾಮೀನು ಸಿಕ್ಕಿತು. ಸಾದಿಯಾ ಅಲ್ಲೇ ಕುಸಿದು ಅತ್ತಳು. ಮಹಿಳಾ ಪೇದೆ ಅವಳನ್ನು ಎಬ್ಬಿಸಿಕೊಂಡು ಹೋಗುವಾಗ ಮೇಡಂ ಕಡೆ ತಿರುಗಿ ಎರಡೂ ಕೈ ಎತ್ತಿದಳು. ಕಾಗದ ಪತ್ರ ಮುಗಿದು ಸಂಜೆಯೊಳಗೆ ಮನೆಗೆ ಹೋಗುತ್ತಾಳೆ ಎಂದರು ವಕೀಲರು.

ನಾನು ಹೊರಗೆ ಸ್ಕೂಟರಿನ ಹತ್ತಿರ ಬಂದೆ. ಮೆಟ್ಟಿಲ ಮೇಲೆ ಸೆರಗು ಹೊದ್ದು ಒಬ್ಬ ಹೆಂಗಸು ಕೂತಿದ್ದರು. ಬೀರಯ್ಯನ ಹೆಂಡತಿ ಸಿದ್ದಲಕ್ಷ್ಮಮ್ಮ, ಕೊತ್ತಗೆರೆಯಿಂದ ಬೆಳಿಗ್ಗೆಯೇ ಬಸ್ಸಿಗೆ ಬಂದವರು. ಹಿಂದೆ ಒಂದೆರಡು ಸಲ ನಾನು ಅವರನ್ನು ಮಾತಾಡಿಸಿದ್ದೆ.

"ಆ ಹುಡ್ಗೀದು ತಪ್ಪಿಲ್ವಂತಾ ಸಾಮಿ?"

"ಇಲ್ಲ ಕಣಮ್ಮ."

"ಮತ್ತೆ ಯಾರ್ದು?"

"ಮಿಷನ್ನಿಂದು."

ಆಕೆ ಯೋಚನೆ ಮಾಡಿದರು. ಆಮೇಲೆ ನಿಜವಾಗಿಯೂ ತಿಳಿದುಕೊಳ್ಳಬೇಕು ಎಂಬಂತೆ ಕೇಳಿದರು: "ಮಿಷನ್ನಿಗೆ ಏನ್ ಸಿಕ್ಸೆ ಕೊಡ್ತಾರೆ?"

ನಾನು ಜೇಬಿನಲ್ಲಿ ಸ್ಕೂಟರಿನ ಕೀಲಿ ಹುಡುಕಿದೆ.

"ಬುಡಿ, ನಂಗ್ಯಾಕೆ," ಎಂದು ಆಕೆ ಎದ್ದರು. "ಆ ಮಗೀಗಾದ್ರೂ ಮನೆ ಸೇರೋ ಹಂಗಾಯ್ತಲ್ಲ. ನಮ್ಮನೆಯೋರು ಹೋದ್ರು. ಅವ್ಳು ಯಾಕೆ ಜೈಲಲ್ಲಿ ಕೊಳೀಬೇಕು." ಹಾಗೆಂದು ಬಸ್ ಸ್ಟ್ಯಾಂಡಿನ ಕಡೆ ನಡೆದುಬಿಟ್ಟರು.

ಕೇಸು ಗೆದ್ದ ದಿನ ನಾನು ಸಾಮಾನ್ಯವಾಗಿ ಒಂದು ಮಸಾಲೆ ದೋಸೆ ತಿನ್ನುತ್ತೇನೆ, ಸಕ್ಕರೆ ಕಾಯಿಲೆಯನ್ನು ಮರೆತು ಒಂದು ಜಹಾಂಗೀರನ್ನೂ ತಿನ್ನುತ್ತೇನೆ. ಅವತ್ತು ಏನೂ ಬೇಡವೆನಿಸಿತು. ಮೇಡಂ ಬಂದು ಹಿಂದೆ ಕೂತರು.

"ಗುಬ್ಬಿಗೆ," ಎಂದರು.

"ಈಗ್ಯಾಕೆ ಮೇಡಂ? ಜಾಮೀನು ಸಿಕ್ತಲ್ಲ."

"ಜಾಮೀನು ಸಿಕ್ಕಿದೆ, ಕೇಸು ಬಿದ್ದಿಲ್ಲ. ಕಲಾಯಿ ಹಾಕಿದ್ದು ನಾನೇ ಅಂತ ಝುಬೇರ್ ಒಂದು ಮಾತು ಹೇಳಿದ್ರೆ ಎಲ್ಲಾ ಮುಗಿಯುತ್ತೆ. ಪೊಲೀಸ್ನೋರು ಹೋಗಿ ಅವನನ್ನ ಹೆದರಿಸೋಕ್ ಮುಂಚೆ ನಾವೇ ಹೋಗೋಣ."

ನಿವೃತ್ತ ಪೊಲೀಸಿನವನ ಸ್ಕೂಟರಿನ ಮೇಲೆ ಕೂತು ಹೀಗೆ ಹೇಳುವುದು ಈಕೆಗೆ ಮಾತ್ರ ಸಾಧ್ಯ. ನಾನು ಗೊಣಗಿಕೊಂಡೇ ಕಿಕ್ ಹೊಡೆದೆ.

* * *

ದಾರಿಯುದ್ದಕ್ಕೂ ತುಂತುರು. ಗುಬ್ಬಿ ಸೇರುವಷ್ಟರಲ್ಲಿ ಅಂಗಡಿಗಳಲ್ಲಿ ದೀಪ ಹತ್ತಿತ್ತು.

ಝುಬೇರನ ಅಂಗಡಿ ಪೇಟೆ ಬೀದಿಯ ಒಂದು ಉದ್ದ ಮಳಿಗೆ. ಮುಂದಿನ ಅರ್ಧದಲ್ಲಿ ಹಳೆಯ ಮಾನಿಟರುಗಳು, ಕೀಬೋರ್ಡುಗಳು, ಗಾಜಿನ ಕೌಂಟರ್, ಅದರ ಮೇಲೆ ಕೆಂಪು ಟೆಲಿಫೋನು, ಗೋಡೆಯಲ್ಲಿ ಕಟ್ಟು ಹಾಕಿಸಿದ ಡಿಪ್ಲೊಮಾ. ಹಿಂದಿನ ಅರ್ಧದಲ್ಲಿ ಆರಿಹೋದ ಕುಲುಮೆ, ಗೋಡೆಗೆ ತೂಗುಹಾಕಿದ ಚರ್ಮದ ತಿದಿ, ಬೋರಲು ಹಾಕಿದ ತಾಮ್ರದ ಪಾತ್ರೆಗಳು. ಅವುಗಳ ಮೇಲೆ ದಪ್ಪಗೆ ಧೂಳು ಕೂತಿತ್ತು.

ಝುಬೇರ್ ತೆಳ್ಳನೆಯ ಹುಡುಗ. ಮೇಡಂ ಸಲಾಂ ಹೇಳಿ ಉರ್ದುವಿನಲ್ಲಿ ಪರಿಚಯ ಹೇಳಿಕೊಂಡರು. ಆಮೇಲೆ ನನಗಾಗಿ ಕನ್ನಡಕ್ಕೆ ತಿರುಗಿದರು. ಉಳಿದಿದ್ದ ಇನ್ನೊಂದು ಬಿಳಿ ಹಲ್ಲಿನ ಪಟ್ಟಿಯನ್ನು ಚೀಲದಿಂದ ತೆಗೆದು ಕೌಂಟರಿನ ಮೇಲಿಟ್ಟರು.

"ಇದು ನಿಮ್ಮ ಕೈ ಕೆಲಸಾನಾ?"

ಅವನು ಪಟ್ಟಿಯನ್ನು ಮುಟ್ಟಲಿಲ್ಲ. "ಹೂಂ. ನಂದೇ."

ಇಷ್ಟು ಸುಲಭವಾಗಿ ಒಪ್ಪಿಕೊಂಡನಲ್ಲ ಎಂದು ನನಗೆ ಒಂಥರಾ ನಿರಾಶೆಯಾಯಿತು.

"ನವಸಾಗರ ಹಾಕಿದೀರ."

"ಹಾಕಿದೀನಿ."

"ಅಲ್ಲಪ್ಪಾ, ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದೀರ. ಇಂಥಾದ್ದಕ್ಕೆ ನವಸಾಗರ ಸೋಕಿಸಬಾರದು ಅಂತ ಗೊತ್ತಿಲ್ವಾ?"

"ಗೊತ್ತು ಖಾಲಾ," ಎಂದ, ಚಿಕ್ಕಮ್ಮನನ್ನು ಕರೆಯುವ ಹಾಗೆ.

"ಗೊತ್ತಿದ್ದೂ ಹಾಕಿದ್ರಿ. ಹೋಗಲಿ, ತೊಳೆಯೋಕೇನಾಗಿತ್ತು? ನಿಮ್ಮ ತಂದೆಯೋರು ಒಂದು ಲೋಟಕ್ಕೆ ಕಲಾಯಿ ಹಾಕಿದ್ರೂ ತೊಳೀದೆ ಗಿರಾಕಿ ಕೈಗೆ ಕೊಡ್ತಿದ್ರಾ?"

"ಅಬ್ಬಾನ ಹೆಸರು ತರಬೇಡಿ."

ಇಂಥ ಕಡೆ ಮೇಡಂ ಮೆತ್ತಗಾಗುತ್ತಾರೆ. ನಾನು ಮೆತ್ತಗಾಗುವುದಿಲ್ಲ. ನನ್ನ ಕಣ್ಣ ಮುಂದೆ ಇನ್ನೂ ಕೋರ್ಟಿನ ಮೆಟ್ಟಿಲಿನ ಮೇಲೆ ಕೂತಿದ್ದ ಆ ಹೆಂಗಸೇ ಇದ್ದರು.

"ನೋಡು ತಮ್ಮಾ," ಎಂದೆ. "ಕುಣಿಗಲ್ಲಲ್ಲಿ ಬೀರಯ್ಯ ಅಂತ ಒಬ್ಬ ಸತ್ತ, ಲಿಫ್ಟಿಗೂ ಗೋಡೆಗೂ ನಡುವೆ ಸಿಕ್ಕಿ. ಅವನ ಹೆಂಡ್ತೀನ ನಾನು ಈಗ ನೋಡ್ಕೊಂಡು ಬರ್ತಿದೀನಿ. ನೀನು ಒಂದು ಚೊಂಬು ನೀರು ಹಾಕಿ ಇದನ್ನ ತೊಳೆದಿದ್ರೆ ಅವನು ಬದುಕಿರ್ತಿದ್ದ. ನಿನ್ನ ಸೋಮಾರಿತನಕ್ಕೆ ಒಂದು ಜೀವ ಹೋಗಿದೆ. ಗೊತ್ತಾಯ್ತಾ?"

"ನನ್ನ ಕೆಲಸದಿಂದ ಯಾರೂ ಸತ್ತಿಲ್ಲ!"

ಅವನು ಕೂಗಿದ್ದು ಬೀದಿಗೂ ಕೇಳಿಸಿರಬೇಕು. ಎದುರಿನ ಬಟ್ಟೆ ಅಂಗಡಿಯವನು ಇಣುಕಿ ನೋಡಿದ. ಝುಬೇರ್ ದನಿ ತಗ್ಗಿಸಿದ.

"ಎಲ್ಲಾರೂ ಅದನ್ನೇ ಅನ್ನಿ. ಆ ಸಾವು ತಂದು ನನ್ನ ತಲೆಗೆ ಕಟ್ಟಿ. ಆ ಲಿಫ್ಟ್ ಆಕ್ಸಿಡೆಂಟ್ ಆದ ದಿನ ಎಲ್ಲಿದ್ದೆ ಗೊತ್ತಾ ನಾನು? ಅಬ್ಬಾನ ಮಣ್ಣು ಮಾಡ್ತಿದ್ದೆ. ಕಬರ್‌ಸ್ತಾನದಿಂದ ವಾಪಸ್ ಬರೋವಾಗ ಕುಣಿಗಲ್ಲಿಂದ ಬಂದಿದ್ದ ನೆಂಟರೇ ಹೇಳಿದ್ದು, ನಮ್ಮೂರಲ್ಲೂ ಒಬ್ಬ ಇವತ್ತು ಲಿಫ್ಟಲ್ಲಿ ಸತ್ತ ಅಂತ."

"ಅದಕ್ಕೂ ಇದಕ್ಕೂ ಏನ್ಲಾ ಸಂಬಂಧ?" ಎಂದೆ.

"ಅಬ್ಬಾ ಬದುಕಿರೋ ತನಕ ನಾನು ಕುಲುಮೆ ಹತ್ರ ಹೋದೋನೇ ಅಲ್ಲ ಸರ್. ನಾನು ಅದನ್ನ ಹಚ್ಚಿದ್ದು ಒಂದೇ ಸಲ. ಅಬ್ಬಾನ ಚಾಲೀಸ್ವಾಂಗೆ. ಊರಿಗೆಲ್ಲ ಊಟ ಹಾಕ್ಬೇಕು, ದೇಗ್‌ಗಳೆಲ್ಲ ಕಪ್ಪಾಗಿದ್ವು, ಅವರ ಫಾತಿಹಾಗೆ ಬೇರೆಯೋರ ಕೈಲಿ ಕಲಾಯಿ ಹಾಕಿಸೋಕೆ ಮನಸ್ಸು ಬರ್ಲಿಲ್ಲ. ನಾನೇ ಬೆಂಕಿ ಮಾಡಿ ಹಾಕ್ದೆ. ಅದೇ ಬೆಂಕೀಲಿ ಸಲಾಕೆ ಕಾಯಿಸಿ ಈ ಪಟ್ಟಿಗಳಿಗೂ ಹಾಕಿದ್ದು. ಅದಾದ್ಮೇಲೆ ಕುಲುಮೆ ಹಚ್ಚಿಲ್ಲ, ಬೇಕಾದ್ರೆ ಒಳಗೆ ಹೋಗಿ ನೋಡಿ, ಬೂದಿ ಹಂಗೇ ಇದೆ."

ನನಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಮೇಡಂಗೆ ಅಷ್ಟೂ ಹಿಡಿಯಲಿಲ್ಲ. ಕೌಂಟರಿನ ಪಕ್ಕದ ಸ್ಟೂಲನ್ನು ಎಳೆದುಕೊಂಡು ಕೂತುಬಿಟ್ಟರು.

ಚಾಲೀಸ್ವಾಂ ಎಂದರೆ ಮಣ್ಣು ಮಾಡಿದ ನಲವತ್ತನೆಯ ದಿನದ ಫಾತಿಹಾ, ಸತ್ತವರ ಹೆಸರಿನ ಪ್ರಾರ್ಥನೆ ಮತ್ತು ಊಟ. ಟೌನ್ ಠಾಣೆಯಲ್ಲಿ ಇದ್ದಷ್ಟು ಕಾಲ ನಾನೂ ಎಷ್ಟೋ ಮನೆಗಳಲ್ಲಿ ಆ ಊಟ ಉಂಡಿದ್ದೇನೆ. ಇವನ ತಂದೆಯ ಮಣ್ಣಿನ ದಿನವೇ ಬೀರಯ್ಯ ಸತ್ತಿದ್ದ. ಹಾಗಾದರೆ ಈ ಪಟ್ಟಿಗಳಿಗೆ ಕಲಾಯಿ ಬಿದ್ದಿದ್ದು ಬೀರಯ್ಯ ಸತ್ತು ತಿಂಗಳ ಮೇಲಾದ ನಂತರ.

"ಬೀರಯ್ಯ ಸತ್ತಾಗ ಈ ಪಟ್ಟಿಗಳು ಚೆನ್ನಾಗಿದ್ವು," ಎಂದರು ಮೇಡಂ. ಅವರ ದನಿ ನನಗೇ ಗುರುತು ಸಿಗದಷ್ಟು ಸಣ್ಣಗಾಗಿತ್ತು. "ಮಿಷನ್ ಸರಿಯಾಗಿತ್ತು. ಅದು ತಪ್ಪು ಮಾಡಿಲ್ಲ."

"ಮತ್ತೆ ಆ ಒಂದು ಬಿಟ್?"

"ಯಾರೋ ಕೈಯಿಂದ ಬದಲಾಯಿಸಿದಾರೆ. ಆಮೇಲೆ, ತಪ್ಪು ಮಿಷನ್ನಿನ ಮೇಲೆ ಬರ್ಲಿ ಅಂತ ಮಿಷನ್ನನ್ನೂ ಕೆಡಿಸಿದಾರೆ." ಅವರು ಎರಡೂ ಅಂಗೈಗಳಿಂದ ಮುಖ ಉಜ್ಜಿಕೊಂಡರು. "ನಾನು ಹೋಗಿ ಪ್ರಮಾಣ ಮಾಡಿ ಹೇಳಿದೆ ಚನ್ನವೀರಯ್ಯನೋರೇ. ನನಗೋಸ್ಕರಾನೇ ಅಟ್ಟಿಟ್ಟ ಅಡಿಗೇನ ನಾನು ಉಂಡೆ."

ಅವರನ್ನು ಅಷ್ಟು ಸೋತವರಂತೆ ನಾನು ಹಿಂದೆಂದೂ ಕಂಡಿರಲಿಲ್ಲ. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು, ಹಾಗಾಗಿ ಎದುರಿಗಿದ್ದವನ ಮೇಲೆಯೇ ಹರಿಯಿತು.

"ಏನ್ಲೇ, ಯಾಕೆ ತೊಳೀಲಿಲ್ಲ? ಗೊತ್ತಿದ್ದೂ ಯಾಕೆ ಬಿಟ್ಟೆ?"

ಝುಬೇರ್ ತಲೆ ತಗ್ಗಿಸಿದ. "ತೊಳೀಬೇಡ ಅಂದ್ರು."

"ಯಾರು?"

ಅವನು ಬೋರಲು ಹಾಕಿದ ಪಾತ್ರೆಗಳ ಕಡೆ ಕೈ ತೋರಿಸಿದ.

"ದೇಗ್‌ಗಳನ್ನೆಲ್ಲ ತೊಳ್ದೆ ಸರ್. ಇದನ್ನೂ ತೊಳೆಯೋಕೆ ಹೋದೆ. ಕೈಯಿಂದ ಕಿತ್ಕೊಂಡು, ಬೇಡ, ಹಂಗೇ ಇರ್ಲಿ ಅಂದ್ರು. ನವಸಾಗರ ಜಾಸ್ತಿ ಉದುರ್ಸು ಅಂದಿದ್ದೂ ಅವರೇ. ಇದು ಮಳೆಗಾಲದಲ್ಲಿ ಕೆಟ್ಟುಹೋಗುತ್ತೆ ಅಂದೆ. ಕೆಡಲಿ ಬಿಡು ಅಂದ್ರು."

"ಯಾರು ಅಂತ ಕೇಳ್ದೆ."

"ನಾನು ಹೇಳಲ್ಲ. ಹೊಡೀರಿ ಬೇಕಾದ್ರೆ. ಆ ಮನೇಲಿ ಉಪ್ಪು ತಿಂದಿದೀನಿ, ಹೇಳಲ್ಲ."

"ಲಕ್ಷ್ಮೀನರಸಿಂಹಯ್ಯನಾ?"

ಅವನು ಕೌಂಟರಿನ ಮೇಲಿನ ಪಟ್ಟಿಯನ್ನು ನನ್ನ ಕಡೆ ತಳ್ಳಿದ.

ನಾನು ಕೌಂಟರಿನ ಒಳಗೆ ಹೋಗಲು ಹಲಗೆ ಎತ್ತಿದೆ. ಮೇಡಂ ನನ್ನ ತೋಳು ಹಿಡಿದರು. ಅಷ್ಟರಲ್ಲಿ ಕೆಂಪು ಟೆಲಿಫೋನು ಬಡಿದುಕೊಂಡಿತು.

ಝುಬೇರ್ ಅದರ ಕಡೆ ನೋಡಿದ. ಎತ್ತಲಿಲ್ಲ. ಅದು ಬಡಿದುಕೊಳ್ಳುತ್ತಲೇ ಇತ್ತು. ಅವನ ಮುಖದಲ್ಲಿ ರಕ್ತ ಇಳಿದುಹೋಗಿದ್ದು ಆ ಮಂಕು ದೀಪದಲ್ಲೂ ಕಾಣುತ್ತಿತ್ತು. ಗಿರಾಕಿಯ ಫೋನಿಗೆ ಯಾರೂ ಹಾಗೆ ಹೆದರುವುದಿಲ್ಲ.

"ಎತ್ತಬೇಡಿ ಖಾಲಾ," ಎಂದ. "ನಿಮ್ಮ ಕಾಲಿಗೆ ಬೀಳ್ತೀನಿ."

ಮೇಡಂ ಕೈ ಚಾಚಿ ರಿಸೀವರ್ ಎತ್ತಿ ಕಿವಿಗೆ ಹಿಡಿದರು. ಹಲೋ ಎನ್ನಲಿಲ್ಲ. ಆ ಕಡೆಯವರು ತಾವಾಗಿಯೇ ಮಾತು ಶುರುಮಾಡಿದರು. ಉರ್ದುವಿನಲ್ಲಿ ಒಂದು ಹೆಣ್ಣಿನ ದನಿ, ಗಡಿಬಿಡಿಯಲ್ಲಿ, ನಡುವೆ ಅಳು ನಗು ಎರಡೂ. ನನಗೆ ಪದಗಳು ಸರಿಯಾಗಿ ಕೇಳಿಸಲಿಲ್ಲ. ಮೇಡಂ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಹೊರಗೆ ತುಂತುರು ಜೋರಾಗಿ ತಗಡಿನ ಮೇಲೆ ಸದ್ದು ಮಾಡತೊಡಗಿತು.

ಕೊನೆಗೆ ಅವರು ಒಂದು ಮಾತೂ ಆಡದೆ ರಿಸೀವರನ್ನು ಮೆಲ್ಲಗೆ ಕೆಳಗಿಟ್ಟರು.

"ಯಾರು ಮೇಡಂ?"

"ಸಾದಿಯಾ. ಇವನ ಚಿಕ್ಕಮ್ಮನ ಮಗಳಂತೆ. ಇವನೇ ಫೋನ್ ಎತ್ತಿದಾನೆ ಅನ್ಕೊಂಡ್ಲು."

ಝುಬೇರ್ ಆರಿದ ಕುಲುಮೆಯ ಪಕ್ಕ ಹೋಗಿ ನೆಲದ ಮೇಲೆ ಕೂತು ಮಂಡಿಯೊಳಗೆ ಮುಖ ಹುದುಗಿಸಿದ.

"ತನ್ನನ್ನ ಉಳಿಸ್ಕೊಳ್ಳೋಕೆ ಈ ಆಟ ಕಟ್ಟಿದ್ಲಾ ಆ ಹುಡುಗಿ!" ಎಂದೆ. "ಅಂಥೋಳಿಗೆ ನಾವು..."

"ಇಲ್ಲ. ತನ್ನನ್ನ ಉಳಿಸ್ಕೊಳ್ಳೋಕಲ್ಲ." ಮೇಡಂ ನನ್ನ ಕಡೆ ನೋಡಿದರು. ಅವರ ಕಣ್ಣಲ್ಲಿ ನೀರಿತ್ತು. "'ಬಿಟ್ಬಿಟ್ರು ಕಣೋ ಝುಬೇರ್, ಆಯಮ್ಮ ನಂಬಿದ್ರು, ಅಲ್ಲಾ ಅವರಿಗೆ ಒಳ್ಳೇದು ಮಾಡ್ಲಿ' ಅಂದ್ಲು. ಅಮ್ಮನ ಕೈ ಊಟ ಮಾಡಿದೆ ಅಂದ್ಲು."

"ಆಮೇಲೆ?"

"'ತಿಮ್ಮೇಶ್‌ಗೆ ಹೇಳ್ಬಿಡು, ಅವನು ಚಿಪ್ಪಲ್ಲಿ ಮಾಡಿದ್ದು ಹೊರಗೆ ಬರಲ್ಲ, ಇನ್ನು ಹೆದರ್ಕೋಬೇಡ ಅಂತ' ಅಂದ್ಲು."